ಮಿಡತೆಯ ಕಾವಲು



ಬೆಳೆಗೆ ಬರತಕ್ಕ ಕೇಡುಗಳನ್ನು ನಮ್ಮ ಹಿರಿಯರು ಆರು ಬಗೆಯಾಗಿ ಎಣಿಸಿ, ಅವಕ್ಕೆ ಈತಿಬಾಧೆಗಳೆಂದು ಹೆಸರಿಟ್ಟರು. ಮಳೆ ಅತಿಯಾಗಿ ಸುರಿಯುವುದು, ಮಳೆಯೇ ಬಾರದಿರುವುದು, ಇಲಿಗಳ ಕಾಟ, ಮಿಡತೆಗಳ ಕಾಟ, ಗಿಳಿಗಳ ಕಾಟ, ಗಡಿಯ ಬಳಿಗೆ ಬಂದು ನಿಂತ ಅರಸರ ಕಾಟ, ಇವೇ ಆ ಆರು. ಇವುಗಳಲ್ಲಿ ಮಿಕ್ಕವನ್ನು ನಮ್ಮ ರೈತನು ಒಂದಲ್ಲ ಒಂದು ಕಾಲದಲ್ಲಿ ಕಂಡು ಬಲ್ಲನು. ಮಿಡತೆಯ ದಂಡು ಮಾತ್ರ ನಮ್ಮ ಕಡೆಗೆ ಬಲು ಅಪರೂಪ. ಆದುದರಿಂದ ನಾವು ಅದನ್ನು ಪುರಾಣದ ಮಾತೆಂದು ಎಣಿಸುವುದುಂಟು.

ಅದು ಪುರಾಣವಲ್ಲವೆಂಬುದು ೨೦೨೦ನೆಯ ಇಸವಿಯಲ್ಲಿ ನಮಗೆ ಗೊತ್ತಾಯಿತು. ಆ ವರ್ಷದ ಮೇ ತಿಂಗಳಲ್ಲಿ ರಾಜಸ್ಥಾನವನ್ನು ದಾಟಿದ ದಂಡುಗಳು ಜಯಪುರ ನಗರದ ಮಾಳಿಗೆಗಳ ಮೇಲೆಲ್ಲ ಇಳಿದುವು. ಅನಂತರ ಮಧ್ಯಪ್ರದೇಶವನ್ನು ಹೊಕ್ಕು ವಿದರ್ಭದವರೆಗೂ ಬಂದುವು. ಬೀದರ ಮೊದಲಾದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎಚ್ಚರಿಕೆಯ ಮಾತು ಕೇಳಿಬಂದಿತು. ದಂಡು ನಮ್ಮ ಕಡೆಗೆ ಬರಲಿಲ್ಲ. ನಾವು ಅದನ್ನು ಮರೆತೆವು. ಬಾರದೆ ಹೋದ ಕೇಡನ್ನು ಮರೆಯುವುದು ಮನುಷ್ಯನ ಸ್ವಭಾವ. ಆದರೆ ಅಂಥ ಕೇಡು ಬಾರದಂತೆ ನೋಡಿಕೊಳ್ಳುವುದನ್ನೇ ತಮ್ಮ ಕಸುಬಾಗಿ ಮಾಡಿಕೊಂಡು, ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು, ಪರದೇಶಗಳ ಮರಳುಗಾಡಿನಲ್ಲಿ ದಿನ ಕಳೆಯುವ ಕೆಲವರು ಇದ್ದಾರೆ. ಈ ಹೊತ್ತು ಅವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮೊದಲು ಆ ಹುಳುವಿನ ಪರಿಚಯವಾಗಲಿ. ಮರುಭೂಮಿಯ ಮಿಡತೆಯೆಂಬುದು ಹೆಚ್ಚೆಂದರೆ ಎರಡು ಗ್ರಾಂ ತೂಗುವ ಅಲ್ಪಪ್ರಾಣಿ. ದಿನಕ್ಕೆ ತನ್ನ ತೂಕದಷ್ಟೇ ಹಸುರನ್ನು ತಿನ್ನಬಲ್ಲುದು. ಒಂದು ಮಿಡತೆ ತಿಂದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಚದರ ಕಿಲೋಮೀಟರಿನಷ್ಟು ಹರಡಿದ ದಂಡಿನಲ್ಲಿ ನಾಲ್ಕರಿಂದ ಎಂಟು ಕೋಟಿ ಮಿಡತೆಗಳು ಇರಬಹುದು. ಅಂಥ ದಂಡು ಒಂದು ದಿನದಲ್ಲಿ ಸುಮಾರು ೩೫,೦೦೦ ಜನರ ಆಹಾರದಷ್ಟನ್ನು ಮುಗಿಸುತ್ತದೆ. ನೂರಾರು ಚದರ ಕಿಲೋಮೀಟರುಗಳ ದಂಡುಗಳೂ ಉಂಟು. ಗಾಳಿಯ ಜೊತೆಯಲ್ಲಿ ಹಾರಿ ದಿನಕ್ಕೆ ನೂರೈವತ್ತು ಕಿಲೋಮೀಟರು ಹೋಗುತ್ತವೆ. ೧೯೮೮ರ ಅಕ್ಟೋಬರಿನಲ್ಲಿ ಪಶ್ಚಿಮ ಆಫ್ರಿಕದಿಂದ ಹೊರಟ ಮಿಡತೆಗಳು ಅಟ್ಲಾಂಟಿಕ್ ಮಹಾಸಾಗರವನ್ನೇ ದಾಟಿ ಕ್ಯಾರಿಬಿಯನ್ ದ್ವೀಪಗಳನ್ನು ಮುಟ್ಟಿದುವು.

ಇಷ್ಟು ದೊಡ್ಡ ದಂಡು ಕೆಲವು ವರ್ಷ ಕಾಣಿಸಿಕೊಂಡು, ಆಮೇಲೆ ಹಲವು ವರ್ಷ ಹೇಳಹೆಸರಿಲ್ಲದಂತೆ ಮಾಯವಾಗುತ್ತದೆ. ಎಲ್ಲಿ ಹೋಯಿತು? ಯಾವ ಬಿಲದಲ್ಲಿ ಅಡಗಿತು? ಎಷ್ಟೋ ಶತಮಾನಗಳವರೆಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರ ಹೇಳಿದವನು ಸ್ವದೇಶವನ್ನು ಬಿಟ್ಟುಬಂದ ಒಬ್ಬ ಮನುಷ್ಯ. ಅವನ ಹೆಸರು ಬೋರಿಸ್ ಉವಾರೋವ್. ಉರಾಲ್ ನದಿಯ ತೀರದ ಉರಾಲ್ಸ್ಕ್ ಪಟ್ಟಣದಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಓದಿ, ಕಾಕಸಸ್ ಪರ್ವತಗಳ ಉತ್ತರಕ್ಕಿರುವ ಸ್ಟಾವ್ರೊಪೋಲ್ ಸೀಮೆಯ ಹುಲ್ಲುಗಾವಲುಗಳಲ್ಲಿ ಮಿಡತೆಗಳನ್ನು ನಿಗ್ರಹಿಸುವ ಕೆಲಸಕ್ಕೆ ನಿಂತವನು. ರಷ್ಯಾದೇಶದ ಕ್ರಾಂತಿಯ ಗಲಭೆ ನಡೆದಿದ್ದ ಕಾಲದಲ್ಲಿ ಅವನು ಟಿಫ್ಲಿಸ್ ನಗರದಲ್ಲಿದ್ದನು. ೧೯೨೦ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಸ್ಥೆಯಿಂದ ಕರೆ ಬರಲು, ಅಲ್ಲಿಗೆ ಹೋದನು. ಮರುವರ್ಷ, ಎಂದರೆ ೧೯೨೧ರಲ್ಲಿ, ಒಂದು ಲೇಖನವನ್ನು ಪ್ರಕಟಿಸಿದನು.

ಆ ಲೇಖನದ ಸಾರ ಇಷ್ಟು. ದಂಡುಕಟ್ಟಿ ಹಾರುವ ಮಿಡತೆ ಒಂದು ಜಾತಿ, ಹುಲ್ಲಿನ ನಡುವೆ ಒಂಟಿಯಾಗಿರುವ ಸಾಧು ಮಿಡತೆ ಇನ್ನೊಂದು ಜಾತಿ ಎಂದು ಅದುವರೆಗೆ ಶಾಸ್ತ್ರಜ್ಞರು ತಿಳಿದಿದ್ದರು. ಬಣ್ಣ ಬೇರೆ, ಆಕಾರ ಬೇರೆ, ನಡತೆಯೂ ಬೇರೆ. ಉವಾರೋವನು ಎರಡೂ ಒಂದೇ ಜಾತಿ ಎಂದನು. ಒಂಟಿಯಾಗಿದ್ದಾಗ ಅದಕ್ಕೆ ಒಂದು ಅವಸ್ಥೆ. ಇರುವ ಹಸುರು ಕಡಮೆಯಾಗಿ ಹುಳುಗಳು ಒಂದೆಡೆ ಒತ್ತೊತ್ತಾಗಿ ಸೇರಿದಾಗ ಇನ್ನೊಂದು ಅವಸ್ಥೆ. ಗುಂಪಿನ ಸಹವಾಸವೇ ಆ ಸಾಧುವನ್ನು ಲೂಟಿಗಾರನನ್ನಾಗಿ ಮಾಡುತ್ತದೆ. ಅದೇ ಕಾಲದಲ್ಲಿ ತುರ್ಕಿಸ್ತಾನದಲ್ಲಿ ಪ್ಲೋಟ್ನಿಕೋವ್ ಎಂಬವನು ಮಿಡತೆಗಳನ್ನು ಸಾಕಿ ನೋಡಿ ಈ ಮಾರ್ಪಾಡನ್ನು ಕಂಡಿದ್ದನು. ದಕ್ಷಿಣ ಆಫ್ರಿಕದಲ್ಲಿ ಫೌರೆ ಎಂಬವನ ಪ್ರಯೋಗಗಳು ಮುಂದೆ ಅದಕ್ಕೆ ಬೆಂಬಲ ಕೊಟ್ಟುವು. ಒಂದರ ಹಿಂಗಾಲಿಗೆ ಇನ್ನೊಂದರ ಮೈ ತಾಕುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ನಡತೆ ಬದಲಾಗುವುದು; ಆ ಬದಲಾವಣೆಗೆ ಸೆರೊಟೋನಿನ್ ಎಂಬ ರಸ ಕಾರಣವೆಂದು ೨೦೦೯ರಲ್ಲಿ ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಈ ತತ್ತ್ವದಿಂದ ಒಂದು ದೊಡ್ಡ ಪ್ರಯೋಜನವಾಯಿತು. ಶತ್ರು ಮಾಯವಾಗುವುದಿಲ್ಲ, ವೇಷ ಮರೆಸಿಕೊಂಡು ಮರುಭೂಮಿಯಲ್ಲಿ ಕುಳಿತಿರುತ್ತಾನೆ ಎಂದು ತಿಳಿದುಬಂದಿತು. ಹಾಗಾದರೆ ದಂಡು ಹೊಲಕ್ಕೆ ಬಂದಮೇಲೆ ತಮಟೆ ಬಡಿಯುವುದಕ್ಕಿಂತ, ಅವನು ಒಂಟಿಯಾಗಿರುವಾಗಲೇ ಅವನ ಠಾವನ್ನು ಹುಡುಕಿ, ಗುಂಪು ಸೇರುವುದಕ್ಕೆ ಮೊದಲೇ ತಡೆಯುವುದು ಮೇಲಲ್ಲವೆ? ೧೯೩೦ರ ದಶಕದಲ್ಲಿ ರೋಮ್, ಪ್ಯಾರಿಸ್, ಲಂಡನ್, ಕೈರೋ, ಬ್ರಸೆಲ್ಸ್ ನಗರಗಳಲ್ಲಿ ನಾನಾ ದೇಶಗಳವರು ಸಮ್ಮೇಳನ ಸೇರಿ ಈ ವಿಷಯವನ್ನೇ ಚರ್ಚಿಸಿದರು. ಉವಾರೋವನು ಲಂಡನ್ನಿನಲ್ಲಿ ಕುಳಿತು, ಆಫ್ರಿಕ ಏಷ್ಯಗಳ ಮೂಲೆಮೂಲೆಗಳಿಂದ ಬಂದ ವರದಿಗಳನ್ನು ಭೂಪಟದ ಮೇಲೆ ಗುರುತುಮಾಡುತ್ತ, ೧೯೪೫ರಲ್ಲಿ ಮಿಡತೆ ಸಂಶೋಧನ ಕೇಂದ್ರವೆಂದು ಹೆಸರಾದ ಸಂಸ್ಥೆಯನ್ನು ಕಟ್ಟಿ ಬೆಳೆಸಿದನು. ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಮಿಡತೆಯ ಚಿಂತೆ ಅವನನ್ನು ಬಿಡಲಿಲ್ಲ.

ಆದರೆ ಭೂಪಟದ ಮೇಲಿನ ಒಂದೊಂದು ಗುರುತಿನ ಹಿಂದೆಯೂ ಒಬ್ಬ ಮನುಷ್ಯನು ನಿಂತಿರಬೇಕಷ್ಟೆ. ಸಾಧು ಅವಸ್ಥೆಯ ಮರುಭೂಮಿ ಮಿಡತೆ ಹರಡಿಕೊಂಡಿರುವ ಪ್ರದೇಶ ಮಾರಿಟೇನಿಯದಿಂದ ನಮ್ಮ ರಾಜಸ್ಥಾನದವರೆಗೆ ಸುಮಾರು ೧ ಕೋಟಿ ೬೦ ಲಕ್ಷ ಚದರ ಕಿಲೋಮೀಟರು. ಅದರಲ್ಲಿ ಊರುಕೇರಿಗಳು ವಿರಳ, ದಾರಿ ಇಲ್ಲ, ನೀರು ಸಿಕ್ಕಿದರೆ ಉಪ್ಪು. ಅಲ್ಲಿ ಗಿಡಗಂಟಿಗಳ ನಡುವೆ ನಡೆದು, ಹೆಜ್ಜೆಯ ಸದ್ದಿಗೆ ಎದ್ದ ಮಿಡತೆಗಳನ್ನು ಎಣಿಸಿ ಬರೆದುಕೊಳ್ಳಬೇಕು. ಮಣ್ಣನ್ನು ಕೆದಕಿ, ಅಂಗುಲಗಳಷ್ಟು ಕೆಳಗೆ ತೇವ ಉಂಟೊ ಇಲ್ಲವೊ ನೋಡಬೇಕು; ಏಕೆಂದರೆ ಹಸಿ ಮರಳಿನಲ್ಲಿಯೇ ಅದು ಮೊಟ್ಟೆಯಿಡುವುದು. ಆ ಕಾಲದಲ್ಲಿ ಈ ತಿರುಗಾಟವೆಲ್ಲ ಬಹುಮಟ್ಟಿಗೆ ಒಂಟೆಯ ಮೇಲೆ, ಇಲ್ಲವೆ ಕಾಲ್ನಡಿಗೆಯಲ್ಲಿ.

ಈ ಕೆಲಸಕ್ಕೆ ದಕ್ಷಿಣದೇಶದಿಂದ ಹೋದ ಒಬ್ಬರನ್ನು ಇಲ್ಲಿ ನೆನೆಯಬೇಕು. ಮದರಾಸಿನ ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞರಾಗಿದ್ದ ವೈ. ರಾಮಚಂದ್ರರಾಯರು, ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಲಂಟಾನ ಗಿಡವನ್ನು ತಿನ್ನುವ ಕೀಟಗಳನ್ನು ಹುಡುಕಿ, ೧೯೨೦ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಅನಂತರ ಇರಾಕ್ ದೇಶದ ಬೆಳೆಗಳ ಕೀಟಗಳನ್ನು ಪಟ್ಟಿಮಾಡಿದವರಲ್ಲಿಯೂ ಅವರೇ ಮೊದಲಿಗರು. ೧೯೩೦ರಲ್ಲಿ ಭಾರತದಲ್ಲಿ ಮಿಡತೆಯ ಸಂಶೋಧನೆಗೆಂದು ವಿಶೇಷ ಯೋಜನೆಯೊಂದು ಆರಂಭವಾದಾಗ, ಸಿಂಧ್, ಬಲೂಚಿಸ್ತಾನ, ರಾಜಪುತಾನಗಳ ಮರಳುಗಾಡು ಅವರ ಕಾರ್ಯಕ್ಷೇತ್ರವಾಯಿತು. ಅರಬ್ಬೀ ಸಮುದ್ರದ ತೀರದಲ್ಲಿ ಪರ್ಷಿಯದ ಗಡಿಯತ್ತ ಚಾಚಿರುವ ಮೆಕ್ರಾನಿನ ಪಸ್ನಿ ಎಂಬ ಮೀನುಗಾರರ ಊರಿನಲ್ಲಿಯೂ ಒಂದು ವೀಕ್ಷಣಾಸ್ಥಾನವಿದ್ದಿತು.

ಅಲ್ಲಿ ವರ್ಷಗಟ್ಟಲೆ ನಡೆದ ಎಣಿಕೆಯಿಂದ ಒಂದು ಸತ್ಯ ಹೊರಟಿತು. ಮೆಕ್ರಾನಿನ ಕಡೆಗೆ ಮಳೆ ಬೀಳುವುದು ಚಳಿಗಾಲದಲ್ಲಿ. ರಾಜಪುತಾನಕ್ಕೆ ಮಳೆ ಬರುವುದು ಮುಂಗಾರಿನಲ್ಲಿ. ಮಿಡತೆ ವಸಂತದಲ್ಲಿ ಅಲ್ಲಿ ಮರಿಮಾಡಿ, ಬೇಸಗೆಯ ಕೊನೆಗೆ ಇಲ್ಲಿಗೆ ಬಂದು ಮರಿಮಾಡಿ, ಮತ್ತೆ ಪಶ್ಚಿಮಕ್ಕೆ ಹಿಂದಿರುಗುತ್ತದೆ. ಎರಡು ಮನೆ ಮಾಡಿಕೊಂಡ ಪ್ರಾಣಿ! ಅದೂ ದಂಡುಕಟ್ಟಿದಾಗ ಮಾತ್ರವಲ್ಲ. ಒಂಟಿಯಾಗಿರುವಾಗಲೂ, ಯಾರ ಕಣ್ಣಿಗೂ ಬೀಳದಂತೆ, ರಾತ್ರಿಯ ಹೊತ್ತು ಹಾರಿಹೋಗುತ್ತದೆ. ೧೯೩೯ರಲ್ಲಿ ನಮ್ಮ ದೇಶದಲ್ಲಿ ಮಿಡತೆ ಮುನ್ನೆಚ್ಚರಿಕೆಯ ಸಂಸ್ಥೆ ಸ್ಥಾಪಿತವಾದದ್ದು ಇಂಥ ತಿಳಿವಳಿಕೆಯ ತಳಹದಿಯ ಮೇಲೆ. ರಾಯರು ತಮ್ಮ ಅನುಭವವನ್ನೆಲ್ಲ ಕ್ರೋಡೀಕರಿಸಿ ಬರೆದ ಗ್ರಂಥ ೧೯೬೦ರಲ್ಲಿ ಅಚ್ಚಾಯಿತು.

ಇಂಥ ಗ್ರಂಥಗಳನ್ನೂ ವರದಿಗಳನ್ನೂ ಓದುವಾಗ ನಮಗೆ ಒಂದು ಸಂಗತಿ ತೋರುತ್ತದೆ. ತಾರೀಖು, ಸ್ಥಳ, ಶಾಖ, ಗಾಳಿ, ಗಿಡಗಳ ಹೆಸರು, ಮಿಡತೆಗಳ ಸಂಖ್ಯೆ, ಇವಕ್ಕೆಲ್ಲ ಒಂದೊಂದು ಅಂಕಣವುಂಟು. ಎಣಿಸಿದವನಿಗೆ ಅಂದು ಮನೆಯಿಂದ ಕಾಗದ ಬಂದಿತ್ತೊ ಇಲ್ಲವೊ ಎಂಬುದಕ್ಕೆ ಅಂಕಣವಿಲ್ಲ. ಇರಬೇಕೆಂದೂ ನಾವು ಹೇಳುವುದಿಲ್ಲ. ಶಾಸ್ತ್ರಕ್ಕೆ ಅದು ಬೇಕಿಲ್ಲ. ಆದರೆ ಓದುವ ನಾವು ಊಹಿಸಿಕೊಳ್ಳಬಾರದೆಂಬ ನಿಯಮವೇನೂ ಇಲ್ಲವಷ್ಟೆ. ಮಗುವಿಗೆ ಜ್ವರವೆಂದು ಹೆಂಡತಿ ಬರೆದ ಕಾಗದ, ಜ್ವರ ಬಿಟ್ಟು ಎಷ್ಟೋ ದಿನವಾದಮೇಲೆ ಗಂಡನ ಕೈಸೇರುತ್ತದೆ. ಅದನ್ನು ಓದಿ ಅವನು ಪಡುವ ಸಂಕಟ ಆಗಲೇ ಹಳೆಯದು. ಅವನಿಗೆ ಮಾತ್ರ ಅದು ಹೊಸದು. ಅಪ್ಪ ಹೊರಟಾಗ ತೆವಳುತ್ತಿದ್ದ ಕೂಸು, ಅಪ್ಪ ಬಂದಾಗ ಅಮ್ಮನ ಸೆರಗಿನ ಹಿಂದೆ ನಿಂತು 'ಯಾರಮ್ಮ ಇವರು?' ಎಂದು ಕೇಳುತ್ತದೆ. ಪರಸ್ಥಳದಲ್ಲಿ ಉದ್ಯೋಗಮಾಡುವವರ ಮನೆಗಳಲ್ಲೆಲ್ಲ ಇದು ನಡೆಯುವ ಮಾತೇ.

ಯಕ್ಷನು ರಾಮಗಿರಿಯಲ್ಲಿ ಒಂದು ವರ್ಷ ಹೆಂಡತಿಯನ್ನು ಅಗಲಿದ್ದು, ಆಷಾಢದ ಮೋಡದ ಕೈಯಲ್ಲಿ ಸಂದೇಶ ಕಳುಹಿಸಿದ ಕಥೆಯನ್ನು ಕಾಳಿದಾಸನಿಂದ ನಾವೆಲ್ಲ ಬಲ್ಲೆವು. ಮೋಡವನ್ನು ಕಂಡರೆ ಅಗಲಿದವರಿಗೆ ಮನೆಯ ನೆನಪಾಗುವುದು ನಮ್ಮ ಕವಿಗಳ ಸಂಪ್ರದಾಯ. ಮಿಡತೆಯ ಕಾವಲಿನವನಿಗೂ ಮೋಡವನ್ನು ಕಂಡರೆ ಮನೆಯ ನೆನಪಾಗುತ್ತದೆ. ಆದರೆ ಕಾರಣ ಬೇರೆ. ಮರುಭೂಮಿಯಲ್ಲಿ ಒಳ್ಳೆಯ ಮಳೆಯಾದರೆ ಕುರಿಗಾಹಿಗೆ ಹಬ್ಬ. ಇವನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಮರಳು ನೆನೆಯಿತು, ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರಕ್ಕೆ ಮರಿ ಹೊರಡುತ್ತದೆ. ಐದಾರು ವಾರಕ್ಕೆ ರೆಕ್ಕೆ ಬಲಿಯುತ್ತದೆ. ಅಷ್ಟರಲ್ಲಿ ಅವನ್ನು ಹುಡುಕಿ ಅಡಗಿಸಬೇಕು. ಎಂದಮೇಲೆ ಊರಿಗೆ ಹೋಗುವ ಮಾತೆಲ್ಲಿ ಬಂತು? ಯಕ್ಷನಿಗೆ ದೂತನಾಗಿ ಬಂದ ಮೋಡ, ಇವನಿಗೆ ರಜೆಯನ್ನು ರದ್ದುಮಾಡುವ ಹುಕುಮಾಗಿ ಬರುತ್ತದೆ.

ಮರುಭೂಮಿಯನ್ನು ಮೆಚ್ಚಿ ಅಲ್ಲಿಗೆ ಹೋದವರೂ ಇಲ್ಲದಿಲ್ಲ. ವಿಲ್ಫ್ರೆಡ್ ಥೆಸಿಜರ್ ಎಂಬ ಆಂಗ್ಲೇಯನು ೧೯೪೫ರಲ್ಲಿ ಮಿಡತೆಯ ಠಾವುಗಳನ್ನು ಹುಡುಕುವ ಕೆಲಸಕ್ಕೆ ಸೇರಿ, ಅರೇಬಿಯದ ರುಬ್ ಅಲ್ ಖಾಲಿಯೆಂಬ ಮಹಾಮರುಭೂಮಿಯನ್ನು ಬೆದುಯಿನರ ಜೊತೆಯಲ್ಲಿ ದಾಟಿದನು. ೧೯೫೯ರಲ್ಲಿ ಅವನು ಬರೆದ ಪ್ರವಾಸಗ್ರಂಥವನ್ನು ಲೋಕವೆಲ್ಲ ಓದಿ ಕೊಂಡಾಡಿತು. ಅದು ಯುಕ್ತವೇ. ಆದರೆ ಅವನಿಗೆ ಮರುಭೂಮಿಯೇ ಗುರಿ. ಮಿಡತೆ ಒಂದು ನೆವ. ಬಹುಪಾಲು ಕೀಟಶಾಸ್ತ್ರಜ್ಞರ ಮಾತು ಹಾಗಲ್ಲ. ಅವರು ಸಂಬಳಕ್ಕೆ ದುಡಿಯುವ ಗೃಹಸ್ಥರು. ಅವರು ಬರೆಯುವುದು ಗ್ರಂಥವಲ್ಲ, ಹದಿನೈದು ದಿನಕ್ಕೊಂದು ವರದಿ. ಅದರಲ್ಲಿ ಹೆಚ್ಚಿನ ಸಲ ಬರೆಯುವ ಮಾತು, 'ಮಿಡತೆ ಕಾಣಲಿಲ್ಲ' ಎಂಬುದೇ.

ಇಲ್ಲಿಯೇ ಈ ಕಸುಬಿನ ಕಷ್ಟವಿರುವುದು. ಯುದ್ಧಕ್ಕೆ ಹೋದವನು ಗೆದ್ದು ಬಂದರೆ ಊರು ಮೆರವಣಿಗೆ ಮಾಡುತ್ತದೆ. ವೈದ್ಯನು ರೋಗಿಯನ್ನು ಉಳಿಸಿದರೆ ರೋಗಿಯೇ ಸಾಕ್ಷಿ. ಮಿಡತೆಯ ಕಾವಲಿನವನು ಗೆದ್ದರೆ ಏನೂ ನಡೆಯುವುದಿಲ್ಲ. ಆ ಏನೂ ನಡೆಯದಿರುವುದೇ ಅವನ ಗೆಲವು. ಅದನ್ನು ಯಾರಿಗೆ ತೋರಿಸುವುದು? ಹತ್ತು ವರ್ಷ ದಂಡು ಬಾರದಿದ್ದರೆ, ಖಜಾನೆಯ ಲೆಕ್ಕ ನೋಡುವವರು 'ಈ ಜನ ಏತಕ್ಕೆ?' ಎಂದು ಕೇಳುತ್ತಾರೆ. ಮನೆಯವರೂ ಅದನ್ನೇ ಕೇಳಬಹುದು. ಇಲ್ಲದ ಹುಳುವನ್ನು ಕಾಯುವುದಕ್ಕೆ ಇರುವ ಮಕ್ಕಳನ್ನು ಬಿಟ್ಟು ಹೋಗಬೇಕೆ?

ಈ ಪ್ರಶ್ನೆಗೆ ಉತ್ತರವನ್ನು ಇತ್ತೀಚಿನ ಚರಿತ್ರೆಯೇ ಕೊಟ್ಟಿದೆ. ೨೦೧೮ರ ಮೇ ತಿಂಗಳಲ್ಲಿ ಮೆಕುನು ಎಂಬ ಚಂಡಮಾರುತ, ಅಕ್ಟೋಬರಿನಲ್ಲಿ ಲುಬಾನ್ ಎಂಬ ಇನ್ನೊಂದು, ಥೆಸಿಜರನು ದಾಟಿದ ಅದೇ ರುಬ್ ಅಲ್ ಖಾಲಿಯಲ್ಲಿ ಮಳೆ ಸುರಿಸಿದುವು. ಮರಳ ದಿಬ್ಬಗಳ ನಡುವೆ ಕೆರೆಗಳು ತುಂಬಿದುವು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಯಾರ ಗಮನಕ್ಕೂ ಬಾರದೆ ಮಿಡತೆ ಮೂರು ತಲೆಮಾರು ಬೆಳೆಯಿತು. ೨೦೧೯ರಲ್ಲಿ ಅದು ಹೊರಟು, ಒಂದು ಕಡೆ ಯೆಮನ್ ಮಾರ್ಗವಾಗಿ ಪೂರ್ವ ಆಫ್ರಿಕವನ್ನೂ, ಇನ್ನೊಂದು ಕಡೆ ಇರಾನ್ ಮಾರ್ಗವಾಗಿ ಪಾಕಿಸ್ತಾನವನ್ನೂ ನಮ್ಮ ರಾಜಸ್ಥಾನ ಗುಜರಾತುಗಳನ್ನೂ ಮುಟ್ಟಿತು. ಕೆನ್ಯ ದೇಶಕ್ಕೆ ಎಪ್ಪತ್ತು ವರ್ಷಗಳಲ್ಲಿ ಅಂಥ ಹಾವಳಿ ಬಂದಿರಲಿಲ್ಲ. ಆದುದರಿಂದ ಅದನ್ನು ಎದುರಿಸಿ ಅನುಭವವಿದ್ದ ತಲೆಮಾರೇ ಅಲ್ಲಿ ಉಳಿದಿರಲಿಲ್ಲ. ಸಾಲದುದಕ್ಕೆ ೨೦೨೦ರಲ್ಲಿ ಮಹಾಮಾರಿ ಬಂದು ದೇಶದೇಶಗಳ ಬಾಗಿಲು ಮುಚ್ಚಿದುವು. ಕಾವಲಿಗೆ ಹೊರಡಬೇಕಾದವರು ಹೊರಡುವುದೂ, ಹೋಗಿದ್ದವರು ಮನೆಗೆ ಹಿಂದಿರುಗುವುದೂ ಕಷ್ಟವಾಯಿತು. ಕಾವಲು ತಪ್ಪಿದಾಗ ಆಗುವ ವೆಚ್ಚದ ಮುಂದೆ ಕಾವಲಿನ ವೆಚ್ಚ ಎಷ್ಟರದು?

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮಲ್ಲಿ ಒಂದು ಅಭ್ಯಾಸವುಂಟು. ಯಾರಾದರೂ ಕಷ್ಟದ ಕೆಲಸಮಾಡುತ್ತಿದ್ದರೆ ಅವರನ್ನು ಋಷಿಗಳೆಂದೂ, ಅವರ ಕೆಲಸವನ್ನು ತಪಸ್ಸೆಂದೂ ಕರೆದು, ಒಂದು ಹಾರ ಹಾಕಿ, ಕೈತೊಳೆದುಕೊಳ್ಳುವುದು. ಋಷಿಗೆ ಸಂಬಳ ಬೇಕಿಲ್ಲ, ರಜೆ ಬೇಕಿಲ್ಲ, ಹೆಂಡತಿಯ ಕಾಗದವೂ ಬೇಕಿಲ್ಲವೆಂದು ನಮ್ಮ ಭಾವನೆ. ಈ ಹೊಗಳಿಕೆಯಲ್ಲಿ ಒಂದು ಜಿಪುಣತನ ಅಡಗಿದೆ. ಮಿಡತೆಯನ್ನು ಕಾಯುವವನು ಋಷಿಯಲ್ಲ, ಗೃಹಸ್ಥ. ಅಗಲಿಕೆ ಅವನ ಕೆಲಸದ ಗುರಿಯಲ್ಲ. ಅದು ಆ ಕೆಲಸದ ಬೆಲೆ. ಆ ಬೆಲೆಯನ್ನು ಅವನ ಮನೆಯವರು ಮಾತ್ರ ತೆರಬೇಕಾಗಿ ಬಂದರೆ ಅದು ನ್ಯಾಯವಲ್ಲ. ಅನ್ನ ಉಣ್ಣುವವರೆಲ್ಲರಿಗೂ ಅದರಲ್ಲಿ ಪಾಲಿದೆ.

ಪಾಲು ಕೊಡುವುದೆಂದರೆ ಹೇಗೆ? ಒಬ್ಬನೇ ವರ್ಷಗಟ್ಟಲೆ ಒಂದೇ ಠಾಣ್ಯದಲ್ಲಿ ಕೊಳೆಯದಂತೆ ಸರದಿಯ ಮೇಲೆ ಜನರನ್ನು ಕಳುಹಿಸುವಷ್ಟು ಸಿಬ್ಬಂದಿ ಇರಬೇಕು. ದಂಡು ಬಾರದ ವರ್ಷಗಳಲ್ಲಿಯೂ ಆ ಸಿಬ್ಬಂದಿಯನ್ನು ಬಿಡಬಾರದು. ಹಳಬರ ಅನುಭವ ಹೊಸಬರಿಗೆ ಬರುವುದು ಆ ಬಿಡುವಿನ ವರ್ಷಗಳಲ್ಲಿಯೇ. ಈಗ ಉಪಗ್ರಹಗಳು ಆಕಾಶದಿಂದ ನೋಡಿ ಎಲ್ಲಿ ಮಳೆಯಾಯಿತು, ಎಲ್ಲಿ ಹಸುರು ಚಿಗುರಿತು ಎಂದು ಹೇಳುತ್ತವೆ. ಔಷಧ ಸಿಂಪಡಿಸುವುದಕ್ಕೆ ಡ್ರೋನುಗಳೂ ಬಂದಿವೆ. ಮನೆಯವರ ಮುಖವನ್ನು ದೂರವಾಣಿಯಲ್ಲಿ ಕಾಣಬಹುದಾಗಿದೆ. ಇವೆಲ್ಲ ಒಳ್ಳೆಯದೇ. ಆದರೆ ಹಸುರಿನ ನಡುವೆ ಮಿಡತೆ ಇದೆಯೆ, ಇದ್ದರೆ ಒಂಟಿಯೊ ಗುಂಪೊ ಎಂಬುದನ್ನು ಖಚಿತವಾಗಿ ಹೇಳಬೇಕಾದರೆ ಈಗಲೂ ಒಬ್ಬ ಮನುಷ್ಯನು ಅಲ್ಲಿಗೆ ಹೋಗಿ ಇಳಿದು ನಡೆಯಬೇಕು. ಆ ನಡಿಗೆಗೆ ಬದಲು ಇನ್ನೂ ಹುಟ್ಟಿಲ್ಲ.

ದೇಶದೇಶಗಳ ಒಪ್ಪಂದವೂ ಇದಕ್ಕೆ ಬೇಕು. ಮಿಡತೆಗೆ ಗಡಿಯ ಕಂಬ ಕಾಣುವುದಿಲ್ಲ. ೧೯೪೭ರಲ್ಲಿ ದೇಶ ವಿಭಾಗವಾದಾಗ ರಾಮಚಂದ್ರರಾಯರ ಪಸ್ನಿ ಒಂದು ಕಡೆಗೂ, ಜೋಧಪುರ ಬಿಕಾನೇರಗಳು ಇನ್ನೊಂದು ಕಡೆಗೂ ಹೋದುವು. ಮಿಡತೆಯ ಎರಡು ಮನೆಗಳ ನಡುವೆ ಬೇಲಿ ಬಿದ್ದಿತು. ಮಿಡತೆ ಮಾತ್ರ ಹಿಂದಿನಂತೆಯೇ ಓಡಾಡಿತು. ಇದನ್ನು ಮನಗಂಡು ೧೯೬೪ರಲ್ಲಿ ಭಾರತ, ಪಾಕಿಸ್ತಾನ, ಇರಾನ್, ಆಫ್ಘಾನಿಸ್ತಾನಗಳು ಸಂಯುಕ್ತರಾಷ್ಟ್ರಗಳ ಆಹಾರ ಕೃಷಿ ಸಂಸ್ಥೆಯ ಆಶ್ರಯದಲ್ಲಿ ಒಂದು ಮಂಡಲಿಯಾಗಿ ಸೇರಿದುವು. ೧೯೭೭ರಿಂದ ಈಚೆಗೆ ಭಾರತ ಪಾಕಿಸ್ತಾನಗಳ ಮಿಡತೆ ಅಧಿಕಾರಿಗಳು ಮುನಾಬಾವ್ ಖೋಕ್ರಾಪಾರ್‌ಗಳ ಗಡಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕಲೆತು ಸಮಾಚಾರ ಹಂಚಿಕೊಳ್ಳುವ ಪದ್ಧತಿ ಹುಟ್ಟಿತು. ಬೇರೆ ಎಷ್ಟೋ ಮಾತಿಗೆ ಒಂದೇ ಮೇಜಿನ ಮುಂದೆ ಕೂಡಲು ಒಲ್ಲದ ಎರಡು ರಾಜ್ಯಗಳು ಒಂದು ಹುಳುವಿನ ಮಾತಿಗೆ ಕೂಡಿದುವು. ನಮ್ಮ ಹಿರಿಯರು ಮಿಡತೆಯನ್ನೂ ಗಡಿಯಲ್ಲಿ ನಿಂತ ಅರಸರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದರಷ್ಟೆ. ಆರರಲ್ಲಿ ಒಂದು ಬಾಧೆಯ ಭಯದಿಂದ ಇನ್ನೊಂದು ಬಾಧೆ ತುಸು ತಣ್ಣಗಾಗಬಹುದೆಂದು ಅವರು ಎಣಿಸಿರಲಾರರು.

ಮಹನೀಯರೆ, ಪೇಟೆಗಳಲ್ಲಿ ವಾಸಿಸುವ ನಮಗೆ ಮಿಡತೆಯ ದಂಡು ವರ್ತಮಾನಪತ್ರಿಕೆಯ ಒಂದು ಚಿತ್ರ ಮಾತ್ರ. ಅದು ಚಿತ್ರವಾಗಿಯೇ ಉಳಿಯಲೆಂದು ಯಾವನೋ ಒಬ್ಬನು ಈ ಹೊತ್ತು ಮೌರಿಟೇನಿಯದಲ್ಲಿಯೊ, ಸೂಡಾನಿನಲ್ಲಿಯೊ, ಜೈಸಲ್ಮೇರಿನ ಆಚೆಯ ಮರಳಿನಲ್ಲಿಯೊ ನಡೆಯುತ್ತಿದ್ದಾನೆ. ನಮ್ಮ ಬಂಧುಬಳಗದಲ್ಲಿ ಯಾರಾದರೂ ಅಂಥ ದೂರದ ಕೆಲಸದಲ್ಲಿದ್ದರೆ, ಅವರ ಮನೆಯ ಕಡೆಗೆ ಒಮ್ಮೆ ಹೋಗಿ ಬರುವುದು, ಮಕ್ಕಳ ಶಾಲೆಯ ವಿಚಾರ, ವೃದ್ಧರ ಔಷಧದ ವಿಚಾರ ಕೇಳುವುದು ನಮ್ಮಿಂದ ಆಗುವ ಕೆಲಸ. ಸರ್ಕಾರದವರು ಮಿಡತೆಯ ಲೆಕ್ಕದಲ್ಲಿ ಹಣ ಉಳಿಸಿದೆವೆಂದು ಹೇಳಿದಾಗ, ಕಾವಲಿನಲ್ಲಿ ಯಾರಿದ್ದಾರೆಂದು ವಿಚಾರಿಸುವುದೂ ನಮ್ಮಿಂದ ಆಗುವ ಕೆಲಸವೇ.